ಮಾಸ್ಕಿನ ಹಿಂದಿರುವವರ ಆರೋಗ್ಯ

ವ್ಯಾಪಾರಸ್ಥರ ಮನೆಯ ಮಕ್ಕಳೆಂದರೆ ಓದು ಮುಗಿಸಿ ಅಂಗಡಿಯ ಗಲ್ಲಾದ ಮುಂದೆ ಕುಳಿತುಕೊಳ್ಳುವವರು ಎಂದು ತಿಳಿಯುತ್ತಿದ್ದ ಕಾಲವೊಂದಿತ್ತು. ಈಗ ಹಾಗಿಲ್ಲ. ಜವಳಿ, ಚಿನ್ನ-ಬೆಳ್ಳಿ, ದಿನಸಿ ವ್ಯಾಪಾರದ ಮನೆಗಳಿಂದಲೂ ಮಕ್ಕಳು ವೈದ್ಯರಾಗಿ, ದಂತವೈದ್ಯರಾಗಿ, ನರ್ಸ್‌ಗಳಾಗಿ, ಲ್ಯಾಬ್ ಟೆಕ್ನೀಷಿಯನ್‌ಗಳಾಗಿ ಹೊರಡುತ್ತಿದ್ದಾರೆ. ಹೊಸೂರು, ಕೃಷ್ಣಗಿರಿ, ಡೆಂಕಣಿಕೋಟೆ ಕಡೆಯವರಿಗಂತೂ ಒಂದು ಕಡೆ ತಮಿಳುನಾಡಿನ ಆಸ್ಪತ್ರೆಗಳು, ಇನ್ನೊಂದು ಕಡೆ ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳು. ಬೆಳಗಿನ ಬಸ್ಸಿಗೆ ಅತ್ತಿಬೆಲೆ ದಾಟಿ ಹೋಗಿ, ಪಾಳಿ ಮುಗಿಸಿ, ಕತ್ತಲಾದ ಮೇಲೆ ಮನೆ ಸೇರುವ ಹೆಣ್ಣುಮಕ್ಕಳು ಈ ಪ್ರದೇಶಕ್ಕೆ ಹೊಸಬರಲ್ಲ.

ಇಂಥ ಮಗಳೋ ಸೊಸೆಯೋ ಮನೆಗೆ ಬಂದು ಮೂಗಿನ ಮೇಲಿನ ಕೆಂಪು ಗೆರೆಯನ್ನು ಒರೆಸಿಕೊಳ್ಳುತ್ತಾ ‘ತಲೆ ಸಿಡಿಯುತ್ತಿದೆ’ ಎಂದರೆ ಮನೆಯ ಹಿರಿಯರಿಗೆ ಆತಂಕವಾಗುವುದು ಸಹಜ. ‘ದಿನವಿಡೀ ಬಾಯಿ ಮೂಗು ಕಟ್ಟಿಕೊಂಡರೆ ಶ್ವಾಸಕೋಶ ಕೆಡುವುದಿಲ್ಲವೇ? ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡರೆ ರಕ್ತ ವಿಷವಾಗುವುದಿಲ್ಲವೇ?’ ಎಂದು ಕೇಳುವವರು ಇದ್ದಾರೆ. ‘ಅಷ್ಟಕ್ಕೆಲ್ಲಾ ಗೊಣಗಬಾರದು, ಒಂದು ಬಟ್ಟೆ ತಾನೇ’ ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ಸರಿಯಲ್ಲ. ದೀರ್ಘಕಾಲ ಮಾಸ್ಕ್ ಧರಿಸುವುದರಿಂದ ಆಗುವ ತೊಂದರೆಗಳು ನಿಜ. ಆದರೆ ಅವು ನಾವು ಹೆದರುವ ಜಾಗದಲ್ಲಿ ಇಲ್ಲ, ನಾವು ಗಮನಿಸದೆ ಬಿಡುವ ಜಾಗದಲ್ಲಿವೆ. ಅವುಗಳಲ್ಲಿ ಹೆಚ್ಚಿನವನ್ನು ನೀರು, ವಿಶ್ರಾಂತಿ ಮತ್ತು ಮುಖಕ್ಕೆ ಹೊಂದುವ ಒಳ್ಳೆಯ ಮಾಸ್ಕಿನಿಂದಲೇ ಕಡಿಮೆ ಮಾಡಬಹುದು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟನ್ನೇ.

ಸ್ವಲ್ಪ ಹಿನ್ನೆಲೆ

ಬಾಯಿಗೆ ವಸ್ತ್ರ ಕಟ್ಟಿಕೊಳ್ಳುವುದು ನಮ್ಮ ಸಮಾಜಕ್ಕೆ ಅಪರಿಚಿತವಲ್ಲ. ಶ್ವೇತಾಂಬರರಲ್ಲಿ ಸ್ಥಾನಕವಾಸಿ ಮತ್ತು ತೇರಾಪಂಥದ ಸಾಧು-ಸಾಧ್ವಿಯರು ಮುಖವಸ್ತ್ರಿಕೆ, ಅಂದರೆ ಮುಹಪತ್ತಿ, ಧರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅದರ ಉದ್ದೇಶ ಅಹಿಂಸೆ. ಮಾತನಾಡುವಾಗ ವಾಯುಕಾಯ ಜೀವಿಗಳಿಗೆ ನೋವಾಗದಿರಲಿ ಎಂಬ ಎಚ್ಚರ. ಆದರೆ ಮುಹಪತ್ತಿ ಕೆನ್ನೆಗೆ ಬಿಗಿಯಾಗಿ ಅಂಟಿಕೊಳ್ಳುವುದಿಲ್ಲ, ಪಕ್ಕಗಳಿಂದ ಗಾಳಿ ಸಲೀಸಾಗಿ ಓಡಾಡುತ್ತದೆ. ಆದುದರಿಂದ ‘ನಮ್ಮ ಮಹಾರಾಜರು ದಿನವಿಡೀ ಕಟ್ಟುವುದಿಲ್ಲವೇ’ ಎಂದು ಆಸ್ಪತ್ರೆಯ ಬಿಗಿ ಮಾಸ್ಕನ್ನು ಅದಕ್ಕೆ ಹೋಲಿಸಿ ಮಾತನಾಡುವುದು ತಪ್ಪಾಗುತ್ತದೆ.

ಆಸ್ಪತ್ರೆಯ ಮಾಸ್ಕಿಗೆ ಬೇರೆಯೇ ಚರಿತ್ರೆಯಿದೆ. 1897ರಲ್ಲಿ ಬ್ರೆಸ್ಲೌ ನಗರದ ಶಸ್ತ್ರವೈದ್ಯ ಮಿಕುಲಿಚ್ ಎಂಬವರು ತೆಳು ಜಾಲರಿ ಬಟ್ಟೆಯನ್ನು ಬಾಯಿಗೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡಿದರು. ಅದು ರೋಗಿಯ ಗಾಯಕ್ಕೆ ವೈದ್ಯರ ಎಂಜಲಿನ ಹನಿ ಬೀಳದಿರಲೆಂದು. 1910-11ರಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಹಬ್ಬಿದಾಗ, ಪೆನಾಂಗ್‌ನಲ್ಲಿ ಹುಟ್ಟಿದ ವೈದ್ಯ ವೂ ಲಿಯೆನ್-ತೆ ಅವರು ಹತ್ತಿ ಮತ್ತು ಜಾಲರಿ ಬಟ್ಟೆಯ ದಪ್ಪ ಮಾಸ್ಕನ್ನು ಬಳಕೆಗೆ ತಂದರು. ಇದು ಧರಿಸಿದವರನ್ನು ಕಾಪಾಡುವುದಕ್ಕೆ. ಇಂದಿನ ಸರ್ಜಿಕಲ್ ಮಾಸ್ಕ್ ಮತ್ತು ಎನ್-95 ಮಾಸ್ಕ್ ಈ ಎರಡು ಉದ್ದೇಶಗಳ ಮುಂದುವರಿಕೆ ಎನ್ನಬಹುದು.

2020ರಲ್ಲಿ ಕೊರೋನಾ ಬಂದಾಗ ತಮಿಳುನಾಡಿನ ಜಿಲ್ಲೆಗಳ ಪೈಕಿ ಕೃಷ್ಣಗಿರಿಯೇ ಕೊನೆಯವರೆಗೆ ತಪ್ಪಿಸಿಕೊಂಡಿದ್ದ ಜಿಲ್ಲೆ. ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪಟ್ಟಿಯಲ್ಲಿ ಇಡೀ ರಾಜ್ಯಕ್ಕೆ ಹಸಿರು ವಲಯವಾಗಿದ್ದುದು ಇದೊಂದೇ. ಮೇ ತಿಂಗಳಲ್ಲಿ ಆ ನೆಮ್ಮದಿ ಹೋಯಿತು. ಅಲ್ಲಿಂದ ಮುಂದೆ ಇಲ್ಲಿನ ಆಸ್ಪತ್ರೆ ಸಿಬ್ಬಂದಿಗೂ ಮಾಸ್ಕ್ ಮೈಯ ಒಂದು ಅಂಗವೇ ಆಗಿಬಿಟ್ಟಿತು. 2022ರ ಜನವರಿ 12ರಂದು ರಾಜ್ಯದಲ್ಲಿ ಉದ್ಘಾಟನೆಯಾದ 11 ಹೊಸ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಕೃಷ್ಣಗಿರಿಯದೂ ಒಂದು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಬೀದಿಯಲ್ಲಿ ನಾವೆಲ್ಲ ಮಾಸ್ಕ್ ತೆಗೆದೆವು. ಆದರೆ ಶಸ್ತ್ರಚಿಕಿತ್ಸೆಯ ಕೊಠಡಿ, ಐ.ಸಿ.ಯು., ಕ್ಷಯರೋಗದ ವಾರ್ಡು, ದಂತ ಚಿಕಿತ್ಸಾಲಯಗಳಲ್ಲಿ ದುಡಿಯುವವರಿಗೆ ಅದು ತಪ್ಪಲಿಲ್ಲ, ತಪ್ಪುವಂತೆಯೂ ಇಲ್ಲ.

ಮಾಸ್ಕ್ ಏಕೆ ಬೇಕು?

ತೊಂದರೆಗಳ ಪಟ್ಟಿಗೆ ಮೊದಲು ಈ ಮಾತು ಹೇಳಲೇಬೇಕು. 2020ರ ಜನವರಿಯಿಂದ 2021ರ ಮೇ ವರೆಗೆ ಜಗತ್ತಿನಲ್ಲಿ ಸುಮಾರು 1,15,000 ಆರೋಗ್ಯ ಕಾರ್ಯಕರ್ತರು ಕೊರೋನಾದಿಂದ ತೀರಿಕೊಂಡಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಕ್ಷಯರೋಗ ಗಾಳಿಯ ಮೂಲಕವೇ ಹರಡುವ ರೋಗ. ನಮ್ಮ ದೇಶದಲ್ಲಿ ಅದರ ಹೊರೆ ದೊಡ್ಡದು. ಹೀಗಿರುವಾಗ ಮನೆಯವರು ಕನಿಕರದಿಂದ ‘ಸ್ವಲ್ಪ ಹೊತ್ತು ತೆಗೆದಿಟ್ಟುಬಿಡು’ ಎಂದು ಹೇಳುವುದು ಉಪಕಾರವಲ್ಲ.

ಎನ್-95 ಎಂದರೆ ಅತ್ಯಂತ ಸುಲಭವಾಗಿ ನುಸುಳುವ ಗಾತ್ರದ, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಮೂರು ಪಾಲಿನಷ್ಟು ಸಣ್ಣ ಕಣಗಳಲ್ಲಿಯೂ ಶೇಕಡಾ 95ನ್ನು ತಡೆಯುವ ಮಾಸ್ಕ್. ಅದರ ನಡುವಿನ ಪದರದ ನೂಲಿಗೆ ವಿದ್ಯುತ್ ಆವೇಶ ಕೊಟ್ಟಿರುತ್ತಾರೆ. ಒಣ ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಆ ನೂಲು ಕಣಗಳನ್ನು ಸೆಳೆದುಕೊಳ್ಳುತ್ತದೆ. ಸೋಪಿನ ನೀರಿನಲ್ಲಿ ತೊಳೆದರೆ, ಸ್ಪಿರಿಟ್ ಹಚ್ಚಿದರೆ ಆ ಶಕ್ತಿ ಹೋಗುತ್ತದೆ. ನೋಡಲು ಮಾತ್ರ ಹೊಸದರಂತೆ ಇರುತ್ತದೆ. ಉಳಿತಾಯ ನಮ್ಮವರ ರಕ್ತದಲ್ಲೇ ಇದೆ, ಆದರೆ ಎನ್-95 ಒಗೆದು ಒಣಗಿಸಿ ಉಳಿತಾಯ ಮಾಡುವ ವಸ್ತುವಲ್ಲ.

ಉಸಿರಿನ ಪ್ರಶ್ನೆ

ಹಿರಿಯರ ಮೊದಲನೆಯ ಭಯಕ್ಕೆ ಉತ್ತರ ಇದು. ನಾವು ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲದ ಅಣು ಮಾಸ್ಕಿನ ರಂಧ್ರಗಳ ಮುಂದೆ ಲೆಕ್ಕಕ್ಕೇ ಇಲ್ಲದಷ್ಟು ಚಿಕ್ಕದು. ಜರಡಿಯಲ್ಲಿ ಗಾಳಿ ನಿಲ್ಲದಂತೆ ಅದೂ ನಿಲ್ಲುವುದಿಲ್ಲ. ಮಾಸ್ಕ್ ಮತ್ತು ಮುಖದ ನಡುವಿನ ಸಣ್ಣ ಜಾಗದಲ್ಲಿ ಸ್ವಲ್ಪ ಬಿಟ್ಟ ಉಸಿರು ಉಳಿಯುವುದು ನಿಜ. ಇದನ್ನು ಅಳೆದು ನೋಡಿದ್ದಾರೆ. 2010ರಲ್ಲಿ ಅಮೆರಿಕದಲ್ಲಿ 10 ಮಂದಿ ಆರೋಗ್ಯವಂತ ಆಸ್ಪತ್ರೆ ಸಿಬ್ಬಂದಿ ಎನ್-95 ಧರಿಸಿ ಟ್ರೆಡ್‌ಮಿಲ್ ಮೇಲೆ ಒಂದು ಗಂಟೆ ನಡೆದಾಗ ಅವರ ದೇಹದ ಮೇಲೆ ಗಂಭೀರವಾದ ಹೊರೆಯೇನೂ ಕಾಣಲಿಲ್ಲ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಐ.ಸಿ.ಯು.ವಿನ 10 ನರ್ಸ್‌ಗಳನ್ನು 12 ಗಂಟೆಯ ಪಾಳಿಗಳಲ್ಲಿ ಪರೀಕ್ಷಿಸಿದರು. ಇಂಗಾಲದ ಡೈಆಕ್ಸೈಡ್ ಪ್ರಮಾಣ ತುಸು ಏರಿದರೂ ಅದು ಚಿಂತಿಸುವ ಮಟ್ಟಕ್ಕೆ ಹೋಗಲಿಲ್ಲ. ಪಾಳಿ ಉದ್ದವಾದಂತೆ ದಣಿವು, ತಲೆನೋವು ಮುಂತಾದ ಅಸೌಖ್ಯ ಹೆಚ್ಚಿತು. ಎರಡೂ ಸಣ್ಣ ಅಧ್ಯಯನಗಳೇ, ಆದರೆ ಎರಡೂ ಹೇಳುವುದು ಒಂದೇ ಮಾತು.

ಹಾಗಾದರೆ ಉಸಿರು ಕಟ್ಟಿದಂತೆ ಏಕೆ ಅನ್ನಿಸುತ್ತದೆ? ಮಾಸ್ಕಿನ ಒಳಗೆ ಬಿಸಿಯೂ ತೇವವೂ ಕೂಡಿಕೊಳ್ಳುತ್ತವೆ. ತುಟಿ, ಕೆನ್ನೆ, ಮೂಗಿನ ಸುತ್ತ ಬಿಸಿಯಾದರೆ ಗಾಳಿ ಸಾಲದು ಎಂಬ ಭಾವನೆ ಹುಟ್ಟುತ್ತದೆ. ಉಸಿರೆಳೆಯಲು ತುಸು ಹೆಚ್ಚು ಶ್ರಮವೂ ಬೇಕು. ಏಪ್ರಿಲ್-ಮೇ ತಿಂಗಳ ಕೃಷ್ಣಗಿರಿಯ ಸೆಕೆಯಲ್ಲಿ, ಫ್ಯಾನ್ ಮಾತ್ರ ಇರುವ ವಾರ್ಡಿನಲ್ಲಿ ಇದು ಎಷ್ಟು ಕಷ್ಟವೆಂದು ಊಹಿಸಬಹುದು. ಅದು ವಿಷವಲ್ಲ, ಆದರೆ ನಿಜವಾದ ಆಯಾಸ.

ಆಸ್ತಮಾ ಇರುವವರು, ಶ್ವಾಸಕೋಶದ ಹಳೆಯ ಕಾಯಿಲೆ ಇರುವವರು ಹಾಗೂ ಗರ್ಭಿಣಿಯರು ಮಾತ್ರ ಮೊದಲೇ ವೈದ್ಯರ ಸಲಹೆ ಪಡೆದು, ಬಿಡುವು ಹೆಚ್ಚಾಗಿ ಸಿಗುವ ಕೆಲಸ ಕೇಳಿಕೊಳ್ಳುವುದು ಒಳ್ಳೆಯದು. ಕೇಳಲು ಸಂಕೋಚ ಬೇಡ.

ಚರ್ಮ ಹೇಳುವ ಕಥೆ

ಮಾಸ್ಕಿನ ನಿಜವಾದ ಪೆಟ್ಟು ಬೀಳುವುದು ಚರ್ಮದ ಮೇಲೆ. 2003ರಲ್ಲಿ ಸಾರ್ಸ್ ರೋಗ ಬಂದಿದ್ದಾಗಿನ ಅನುಭವದ ಬಗ್ಗೆ ಸಿಂಗಪುರದಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಎನ್-95 ನಿಯಮಿತವಾಗಿ ಧರಿಸಿದ್ದ 307 ಸಿಬ್ಬಂದಿಯ ಪೈಕಿ 109 ಮಂದಿ ಚರ್ಮದ ತೊಂದರೆ ಹೇಳಿಕೊಂಡರು. ಅವರಲ್ಲಿ ಶೇಕಡಾ 60ರಷ್ಟು ಜನಕ್ಕೆ ಮೊಡವೆ, ಅರ್ಧಕ್ಕಿಂತ ಹೆಚ್ಚು ಜನಕ್ಕೆ ತುರಿಕೆ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನಕ್ಕೆ ದದ್ದು. 2020ರಲ್ಲಿ ಚೀನಾದ ಹುಬೈ ಪ್ರಾಂತ್ಯದಲ್ಲಿ ಕೊರೋನಾ ವಾರ್ಡುಗಳ 542 ಮಂದಿಯನ್ನು ವಿಚಾರಿಸಿದಾಗ ಶೇಕಡಾ 97 ಮಂದಿಗೆ ರಕ್ಷಣಾ ಸಾಮಗ್ರಿಗಳಿಂದ ಯಾವುದಾದರೊಂದು ಚರ್ಮದ ತೊಂದರೆ ಆಗಿತ್ತು. ಹೆಚ್ಚು ನೊಂದಿದ್ದುದು ಮೂಗಿನ ಸೇತುವೆ.

ಕಾರಣ ಸರಳ. ಮೂಳೆಯ ಮೇಲೆ ತೆಳು ಚರ್ಮ, ಅದರ ಮೇಲೆ ಬಿಗಿಯಾದ ಅಂಚು, ನಡುವೆ ಬೆವರು, ಗಂಟೆಗಟ್ಟಲೆ ಒತ್ತಡ. ಹಾಸಿಗೆ ಹಿಡಿದವರಿಗೆ ಬೆನ್ನಿನಲ್ಲಿ ಹುಣ್ಣಾಗುವ ರೀತಿಯಲ್ಲೇ ಇಲ್ಲಿಯೂ ಹುಣ್ಣಾಗಬಹುದು. ಕಿವಿಯ ಹಿಂದೆ ಎಲಾಸ್ಟಿಕ್ ಕೊರೆದ ಗಾಯವೂ ಹೀಗೆಯೇ. ಚರ್ಮ ಒಡೆದರೆ ಕೈ ಪದೇ ಪದೇ ಅಲ್ಲಿಗೇ ಹೋಗುತ್ತದೆ. ಸೋಂಕು ಹತ್ತಲು ಅದೇ ದಾರಿ. ಆದುದರಿಂದ ಇದನ್ನು ಕೇವಲ ಸೌಂದರ್ಯದ ಪ್ರಶ್ನೆ ಎಂದು ನಗಬಾರದು.

ಮಾಡಬೇಕಾದುದು ಇಷ್ಟು: ಕೆಲಸಕ್ಕೆ ಹೊರಡುವ ಒಂದು ಗಂಟೆ ಮೊದಲು ಮುಖ ತೊಳೆದು, ಸುವಾಸನೆಯಿಲ್ಲದ ಹಗುರ ಮಾಯಿಶ್ಚರೈಸರ್ ಹಚ್ಚಿ ಅದು ಹೀರಿಕೊಳ್ಳುವ ತನಕ ಬಿಡಬೇಕು. ಮಾಸ್ಕ್ ಕೂರುವ ಜಾಗಕ್ಕೆ ಕೊಬ್ಬರಿ ಎಣ್ಣೆ ಬಳಿದುಕೊಂಡು ಹೋದರೆ ಮಾಸ್ಕ್ ಜಾರುತ್ತದೆ, ಮೊಡವೆಯೂ ಹೆಚ್ಚುತ್ತದೆ. ದಪ್ಪ ಮೇಕಪ್ ಬೇಡ. ಕಿವಿಗೆ ನೋವಾದರೆ ಎಲಾಸ್ಟಿಕ್ಕನ್ನು ತಲೆಯ ಹಿಂದೆ ಕೊಕ್ಕೆಗೆ ಸಿಕ್ಕಿಸಬಹುದು. ಗಂಡಸರಿಗೆ ಒಂದು ಮಾತು: ಗಡ್ಡವಿದ್ದರೆ ಎನ್-95 ಕೆನ್ನೆಗೆ ಕೂರುವುದಿಲ್ಲ, ಬಿಗಿಮಾಡಿದಷ್ಟೂ ನೋವೇ ಹೊರತು ರಕ್ಷಣೆಯಿಲ್ಲ. ಗಾಯ ಮಾಯದಿದ್ದರೆ ಚರ್ಮವೈದ್ಯರ ಬಳಿ ಹೋಗಬೇಕು.

ತಲೆನೋವು ಬರುವುದೆಲ್ಲಿಂದ?

ಸಿಂಗಪುರದಲ್ಲಿಯೇ 212 ಮಂದಿ ಆಸ್ಪತ್ರೆ ಸಿಬ್ಬಂದಿಯನ್ನು ಕೇಳಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇಕಡಾ 37 ಮಂದಿ ಮಾಸ್ಕಿನಿಂದ ತಲೆನೋವು ಬಂದುದಾಗಿ ಹೇಳಿದ್ದರು. ಸತತ 4 ಗಂಟೆ ಮೀರಿ ಧರಿಸಿದವರಲ್ಲಿ ಅದು ಹೆಚ್ಚು. 2020ರಲ್ಲಿ ಅದೇ ನಗರದ 158 ಮಂದಿಯಲ್ಲಿ, ಮಾಸ್ಕಿನ ಜೊತೆಗೆ ಕಣ್ಣಿನ ಕನ್ನಡಕವನ್ನೂ ಧರಿಸಬೇಕಾದಾಗ, ಶೇಕಡಾ 81 ಮಂದಿಗೆ ಹೊಸದಾಗಿ ತಲೆನೋವು ಕಾಣಿಸಿತು. ಮೊದಲೇ ಮೈಗ್ರೇನ್‌ನಂಥ ತಲೆನೋವು ಇದ್ದವರಿಗೆ ಕಾಟ ಇನ್ನೂ ಹೆಚ್ಚು.

ಪಟ್ಟಿಗಳು ತಲೆಯ, ಮುಖದ ಮೇಲುಪದರದ ನರಗಳನ್ನು ಒತ್ತುವುದು ಒಂದು ಕಾರಣ. ಜೊತೆಗೆ ನಿದ್ರೆಗೇಡು, ತಪ್ಪಿದ ಊಟ, ಕುಡಿಯದ ನೀರು ಸೇರಿಕೊಳ್ಳುತ್ತವೆ. ಹಾಗಾಗಿ ಪ್ರತಿದಿನ ಮಾತ್ರೆ ನುಂಗುವುದು ಪರಿಹಾರವಲ್ಲ. ಆಗಾಗ ನೋವಿನ ಮಾತ್ರೆ ತೆಗೆದುಕೊಳ್ಳುವುದರಿಂದಲೇ ತಲೆನೋವು ಅಂಟಿಕೊಳ್ಳುವುದೂ ಉಂಟು. ನಾಲ್ಕು ಗಂಟೆಗೊಮ್ಮೆಯಾದರೂ ಸುರಕ್ಷಿತ ಕೊಠಡಿಗೆ ಹೋಗಿ, ಕೈ ತೊಳೆದು, ಮಾಸ್ಕ್ ತೆಗೆದು ಹತ್ತು ಹದಿನೈದು ನಿಮಿಷ ಕುಳಿತುಕೊಳ್ಳುವುದು ಮಾತ್ರೆಗಿಂತ ಮೇಲು.

ನೀರು, ಊಟ ಮತ್ತು ನಮ್ಮ ನಿಯಮಗಳು

ಈ ಭಾಗವನ್ನು ನಮ್ಮ ಮನೆಗಳವರು ವಿಶೇಷವಾಗಿ ಓದಬೇಕೆಂದು ಕೋರುತ್ತೇವೆ. ಮಾಸ್ಕ್ ತೆಗೆಯಬೇಕಾಗುತ್ತದೆಂದು ನೀರು ಕುಡಿಯದಿರುವುದು, ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ಬೇಕೆಂದೇ ಬಾಯಾರಿಕೊಂಡಿರುವುದು ಆಸ್ಪತ್ರೆಯ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಇದರಿಂದ ತಲೆನೋವು, ಸುಸ್ತು, ಬಾಯಿ ಒಣಗುವುದು, ಮೂತ್ರದ ಉರಿ, ಮೂತ್ರನಾಳದ ಸೋಂಕು ಬರಬಹುದು. ಹೊರಗಿನವರು ಇದನ್ನೆಲ್ಲ ಮಾಸ್ಕಿನ ಖಾತೆಗೆ ಬರೆಯುತ್ತಾರೆ. ನಿಜದಲ್ಲಿ ಇದು ಕುಡಿಯದ ನೀರಿನ ಖಾತೆ.

ನಮ್ಮ ಮಕ್ಕಳಲ್ಲಿ ಇದರ ಜೊತೆಗೆ ಇನ್ನೊಂದು ವಿಷಯವಿದೆ. ಮಧ್ಯಾಹ್ನ 2ಕ್ಕೆ ಸೇರಿ ರಾತ್ರಿ 8ಕ್ಕೆ ಬಿಡುವ ಪಾಳಿಯೆಂದುಕೊಳ್ಳೋಣ. ನವೆಂಬರ್ ತಿಂಗಳಲ್ಲಿ ನಮ್ಮ ಕಡೆ 6 ಗಂಟೆಗೆ ಮೊದಲೇ ಸೂರ್ಯಾಸ್ತ. ರಾತ್ರಿಭೋಜನ ತ್ಯಾಗ ಪಾಲಿಸುವ ಹುಡುಗಿಗೆ ಸಂಜೆ ಬಿಡುವು ಸಿಗದಿದ್ದರೆ ಊಟ ತಪ್ಪಿತು. ಚೌವಿಹಾರವಿದ್ದರೆ ನೀರೂ ತಪ್ಪಿತು. ಸೋಸಿ ಕಾಯಿಸಿದ ನೀರನ್ನು ಮಾತ್ರ ಕುಡಿಯುವವಳಾದರೆ ಮನೆಯಿಂದ ಒಯ್ದ ಬಾಟಲಿ ಮುಗಿದ ಮೇಲೆ ಬೇರೆ ದಾರಿಯಿಲ್ಲ. ಅವಳು ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಒಣ ಬಾಯಲ್ಲಿ ಇರುತ್ತಾಳೆ. ಯಾರೊಡನೆಯೂ ಹೇಳುವುದಿಲ್ಲ, ಹೇಳಿದರೆ ‘ನೌಕರಿ ಬಿಡು’ ಎಂದು ಮನೆಯವರೋ ‘ವ್ರತ ಬಿಡು’ ಎಂದು ಜೊತೆಯವರೋ ಅಂದಾರೆಂಬ ಅಂಜಿಕೆ.

ಎರಡನ್ನೂ ಬಿಡಬೇಕಾಗಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ಇಪ್ಪತ್ತು ನಿಮಿಷದ ಬಿಡುವು ಬೇಕೆಂದು ವಾರ್ಡಿನ ಮೇಲ್ವಿಚಾರಕರಲ್ಲಿ ಮೊದಲ ದಿನವೇ ಹೇಳಿಕೊಳ್ಳಬಹುದು. ಬದಲಿಗೆ ಇನ್ನೊಬ್ಬರ ಹಬ್ಬದ ದಿನ ತಾನು ದುಡಿಯಬಹುದು. ಒಂದೂವರೆ ಲೀಟರಿನ ಎರಡು ಬಾಟಲಿ ಕಾಯಿಸಿದ ನೀರು ಕಟ್ಟಿಕೊಡುವುದು ಮನೆಯವರ ಕೆಲಸವಾಗಲಿ. ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ಉಪವಾಸ ಮಾಡುವವರು ಆ ದಿನಗಳಿಗೆ ರಜೆಯನ್ನೋ ಹಗಲು ಪಾಳಿಯನ್ನೋ ತಿಂಗಳ ಮುಂಚೆಯೇ ಕೇಳಿಡಬೇಕು. ದೇಹಸ್ಥಿತಿ ಮತ್ತು ಕರ್ತವ್ಯಕ್ಕೆ ತಕ್ಕಂತೆ ನಿಯಮದ ಅವಧಿಯನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಮ್ಮ ಗುರುಗಳನ್ನೇ ಕೇಳಬಹುದು. ಮನೆಯಲ್ಲಿ ಅತ್ತೆಯವರು ಈ ಮಾತನ್ನು ತಾವಾಗಿಯೇ ಎತ್ತಿದರೆ ಸೊಸೆಗೆ ಅರ್ಧ ಭಾರ ಇಳಿದಂತೆ.

ಮಾತು ತಲುಪದಿದ್ದಾಗ

ನಮ್ಮ ಗಡಿ ಪ್ರದೇಶಕ್ಕೇ ಹೆಚ್ಚು ಅನ್ವಯಿಸುವ ಕಷ್ಟವೊಂದಿದೆ. ಹೊಸೂರಿನ ಯಾವುದೇ ವಾರ್ಡಿನಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಕೇಳಿಸುತ್ತವೆ. ತಳಿ ಕಡೆಯ ಹಳ್ಳಿಯಿಂದ ಬಂದ ಕನ್ನಡದ ಅಜ್ಜಿಗೆ ನರ್ಸ್ ಆಡುವ ಅರ್ಧ ತಮಿಳು ತುಟಿ ನೋಡಿದರೆ ಅರ್ಥವಾಗುತ್ತಿತ್ತು. ಮಾಸ್ಕ್ ಬಂದ ಮೇಲೆ ತುಟಿ ಕಾಣುವುದಿಲ್ಲ, ಸ್ವರವೂ ಮಂದ. ಕಿವಿ ಮಂದವಾದ ಹಿರಿಯರಿಗೆ ಇದು ದೊಡ್ಡ ಗೋಡೆ. ನರ್ಸ್ ಕೂಗಿ ಹೇಳುತ್ತಾಳೆ. ದಿನಕ್ಕೆ ನೂರು ಸಲ ಕೂಗಿದರೆ ಗಂಟಲು ಕಟ್ಟುತ್ತದೆ, ದನಿ ಒಡೆಯುತ್ತದೆ. ರೋಗಿಯ ಕಡೆಯವರು ‘ಮಾಸ್ಕ್ ಇಳಿಸಿ ಹೇಳಮ್ಮ’ ಎನ್ನುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಔಷಧದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಭಾಷೆ ಬಲ್ಲವರೊಬ್ಬರು ಪಕ್ಕದಲ್ಲಿ ನಿಲ್ಲಿ.

ಮಾಸ್ಕಿನ ಮೇಲಂಚು ಸರಿಯಾಗಿ ಕೂರದಿದ್ದರೆ ಬಿಟ್ಟ ಉಸಿರು ಕಣ್ಣಿನ ಮೇಲೆ ಹಾಯ್ದು ಕಣ್ಣು ಒಣಗುವುದು, ಉರಿಯುವುದು ಕೂಡ ಉಂಟು. ಮೂಗಿನ ತಂತಿಯನ್ನು ಎರಡೂ ಕೈಗಳ ಬೆರಳಿನಿಂದ ಒತ್ತಿ ಕೂರಿಸಿದರೆ ಇದು ಬಹುಪಾಲು ನಿಲ್ಲುತ್ತದೆ.

ನಾವು ಮಾಡಬಹುದಾದುದು

ಕೊರೋನಾ ಕಾಲದಲ್ಲಿ ಮಾಸ್ಕ್ ದಾನ ಮಾಡಿದ ಸಂಘ-ಸಂಸ್ಥೆಗಳು ಎಲ್ಲ ಊರುಗಳಲ್ಲಿಯೂ ಇದ್ದವು. ಅದು ಸ್ತುತ್ಯ. ಮುಂದೆ ಕೊಡುವವರು ಸಂಖ್ಯೆಗಿಂತ ಗುಣಕ್ಕೆ ಗಮನ ಕೊಡಲಿ. ಅಗ್ಗದ ಹತ್ತು ಸಾವಿರಕ್ಕಿಂತ, ಎರಡು ಮೂರು ಅಳತೆಗಳಲ್ಲಿರುವ ಪ್ರಮಾಣಿತ ಸಾವಿರ ಮಾಸ್ಕ್ ಮೇಲು. ಚಿಕ್ಕ ಮುಖದ ಹುಡುಗಿಗೆ ದೊಡ್ಡ ಮಾಸ್ಕ್ ಕೊಟ್ಟರೆ ಅವಳು ಪಟ್ಟಿ ಬಿಗಿದು ಮೂಗು ಕೊಯ್ದುಕೊಳ್ಳುತ್ತಾಳೆ. ಹೊರಬಿಡುವ ಗಾಳಿಗೆ ಕವಾಟವಿರುವ ಎನ್-95 ಬೇಡ. ಅದು ಧರಿಸಿದವರ ಉಸಿರನ್ನು ಸೋಸದೆ ಹೊರಬಿಡುತ್ತದೆಂದು ಕೇಂದ್ರ ಆರೋಗ್ಯ ಇಲಾಖೆ 2020ರ ಜುಲೈಯಲ್ಲೇ ಎಚ್ಚರಿಸಿತ್ತು. ಮೆಡಿಕಲ್ ಅಂಗಡಿ ನಡೆಸುವ ಬಂಧುಗಳು ನಕಲಿ ಮಾಲನ್ನು ಕಪಾಟಿಗೇ ಸೇರಿಸದಿರಲಿ. ಲಾಭ ತುಸು ಕಡಿಮೆಯಾದೀತು, ಆದರೆ ಅಲ್ಲಿ ಮಾರಿದ್ದು ಯಾವುದೋ ಮನೆಯ ಮಗಳ ಉಸಿರಿನ ಕಾವಲು.

ಆಸ್ಪತ್ರೆಗೆ ದಾನ ಕೊಡುವವರು ಮಂಚ, ಗಡಿಯಾರ, ಹೆಸರಿನ ಫಲಕಗಳ ಜೊತೆಗೆ ಸಿಬ್ಬಂದಿಗೆ ಗಾಳಿಯಾಡುವ ಒಂದು ವಿಶ್ರಾಂತಿ ಕೊಠಡಿ, ಕುಡಿಯುವ ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ ಇದೆಯೇ ಎಂದು ವಿಚಾರಿಸಲಿ. ನರ್ಸಿಂಗ್ ಹೋಂ ನಡೆಸುವವರು ನಾಲ್ಕು ಗಂಟೆಗೊಮ್ಮೆ ಬಿಡುವನ್ನು ಪಾಳಿಯ ಪಟ್ಟಿಯಲ್ಲೇ ಬರೆದಿಡಲಿ. ಬಾಯಿಮಾತಿನ ಬಿಡುವು ಗದ್ದಲದ ದಿನ ಮೊದಲು ಮಾಯವಾಗುವಂಥದು.

ಇನ್ನು ಮನೆಯವರ ಪಾಲು. ಪಾಳಿ ಮುಗಿಸಿ ಬಂದವರನ್ನು ಬಾಗಿಲಲ್ಲೇ ಕೆಲಸಕ್ಕೆ ಹಚ್ಚಬಾರದು. ಮುಖ ತೊಳೆದು, ನೀರು ಕುಡಿದು, ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಲಿ. ಮೂಗಿನ ಮೇಲೆ ಗಾಯವಿದೆಯೇ, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋದಳು, ತಲೆನೋವು ವಾರಕ್ಕೆ ಎಷ್ಟು ದಿನ ಬರುತ್ತಿದೆ ಎಂದು ತಾಯಿಯೋ ಅತ್ತೆಯೋ ಕೇಳಬೇಕು. ಉಬ್ಬಸ, ಎದೆನೋವು, ತಲೆ ಸುತ್ತಿ ಬೀಳುವುದು ಕಂಡರೆ ಅದನ್ನು ಮಾಸ್ಕಿನ ತಲೆಗೆ ಕಟ್ಟಿ ಸುಮ್ಮನಿರದೆ ತಕ್ಷಣ ಪರೀಕ್ಷೆ ಮಾಡಿಸಬೇಕು.

ಅಂಗಡಿಯಲ್ಲಿ ಸಂಜೆ ಲೆಕ್ಕ ನೋಡುವಾಗ ಒಂದು ರೂಪಾಯಿ ತಪ್ಪಿದರೂ ನಾವು ಮತ್ತೆ ಕೂಡಿಸಿ ನೋಡುತ್ತೇವೆ. ಹತ್ತಾರು ರೋಗಿಗಳ ಸೇವೆ ಮಾಡಿ ಬಂದ ಮನೆಯ ಮಗಳು ಆ ದಿನ ಎಷ್ಟು ಲೋಟ ನೀರು ಕುಡಿದಳು ಎಂಬ ಲೆಕ್ಕವನ್ನೂ ಅದೇ ಶ್ರದ್ಧೆಯಿಂದ ಕೇಳುವಂತಾಗಲಿ ಎಂದು ನಮ್ಮ ಓದುಗ ಬಂಧುಗಳಲ್ಲಿ ವಿನಂತಿಸುತ್ತೇವೆ.